ಎಂಟನೆಯ ಹೆಸರು

ಜುಲೈ 7, ಸೋಮವಾರ

"ಈ ವರ್ಷ ಟೀಮಿನ ಗತಿ ಏನಮ್ಮಾ?" ಎಂದು ಕೈಲಾಸ್ ಸರ್ ಬೆಳಗ್ಗೆ ಕೇಳಿದರು. ನಮ್ಮ ಸಂಜೆ ಕಾಲೇಜಿಗೆ ಆಟದ ಮೇಷ್ಟ್ರು ಅವರೊಬ್ಬರೇ. ಬ್ಯಾಸ್ಕೆಟ್‌ಬಾಲ್, ಕಬಡ್ಡಿ, ಚೆಸ್ಸು, ಜೂನ್ ತಿಂಗಳಲ್ಲಿ ಗಿಡ ನೆಡುವುದು, ಎಲ್ಲಕ್ಕೂ ಅವರೇ. "ಕ್ಯಾಪ್ಟನ್ ನೀನು. ಯಾರ್ ಯಾರ್ ಇದಾರೆ, ಯಾರ್ ಕೈಲಿ ಏನಾಗುತ್ತೆ, ಒಂದ್ ಪಟ್ಟಿ ಬರ್ಕೊಂಡ್ ಬಾ" ಎಂದರು. ಅವರಿಗೆ ಕೊಡುವ ಪಟ್ಟಿಯಲ್ಲಿ ಎಲ್ಲರೂ ಒಳ್ಳೆಯ ಆಟಗಾರ್ತಿಯರೇ. ನಿಜವಾದ ಪಟ್ಟಿ ಇಲ್ಲಿರಲಿ, ನಾನಲ್ಲದೆ ಯಾರೂ ಓದುವುದಿಲ್ಲ.

ಮೋನಿಷಾ: ಐದಡಿ ಒಂಬತ್ತೂವರೆ ಇಂಚು. ಕಾಲ್ ಸೆಂಟರಿನ ಪಾಳಿ ಮುಗಿಸಿ ಬೆಳಗ್ಗೆ ಆರಕ್ಕೆ ನೇರ ಕೋರ್ಟಿಗೆ ಬರುತ್ತಾಳೆ, ಬುಟ್ಟಿಯ ಕೆಳಗೆ ನಿಂತು ನಿದ್ದೆ ಮಾಡುತ್ತಾಳೆ. ಚೆಂಡು ತಲೆಯ ಮೇಲೆ ಬಿದ್ದರೆ ಎಚ್ಚರ.

ಭಾಗ್ಯ: ಬಲ ಮೊಣಕಾಲು ಹೋಗಿದೆ. ಕೂತು ಎದ್ದರೆ ಹಪ್ಪಳ ಮುರಿದ ಸದ್ದು ನಮಗೂ ಕೇಳಿಸುತ್ತದೆ.

ಮೀನಾ: ಕೈ ಚೆನ್ನಾಗಿದೆ, ಗುರಿ ಇದೆ. ಆದರೆ ಮಾರ್ಕೆಟ್ಟಿನಲ್ಲಿ ಅವರಮ್ಮನದು ಹೂವಿನ ಅಂಗಡಿ. ಶ್ರಾವಣ ಬಂತೆಂದರೆ ಮೀನಾ ಇಲ್ಲ.

ಬಿ.ಸಿ.ಎ. ಹುಡುಗಿಯರು ಮೂವರು: ಅಟೆಂಡೆನ್ಸ್ ಸಿಗುತ್ತದೆಂದು ಬಂದವರು. ಬಾಲ್ ಹಿಡಿಯುವಾಗ ಕಣ್ಣು ಮುಚ್ಚುತ್ತಾರೆ, ಮೂವರೂ.

ಕೋಕಿಲಾ: ಒಂದು ದಿನವೂ ತಪ್ಪಿಸುವುದಿಲ್ಲ. ಅದೇ ಕಷ್ಟ.

ತೇಜಶ್ರೀ: ಮೊದಲ ವರ್ಷ. ಐದಡಿ ಒಂದು ಇಂಚು. ಓಟವಿದೆ, ಎಡಗೈ ಇಲ್ಲ, ಹತ್ತು ನಿಮಿಷಕ್ಕೆ ನಾಲ್ಕು ಫೌಲು.

ಇನ್ನು ನಾನು. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ನಿಜ ನಿಜವೇ. ಹೋದ ವರ್ಷ ಮೊದಲ ಸುತ್ತಿನಲ್ಲಿ ಸೋತಾಗ ಟೀಮಿನ ಮೂವತ್ತೊಂದು ಪಾಯಿಂಟಿನಲ್ಲಿ ಇಪ್ಪತ್ತೆರಡು ನನ್ನವು. ವಿಶ್ವವಿದ್ಯಾಲಯದ ತಂಡಕ್ಕೆ ಸ್ಟ್ಯಾಂಡ್‌ಬೈ ಆಗಿದ್ದೆ. ಈ ವರ್ಷ ಆಯ್ಕೆಯಾದರೆ ಆ ಕಡುನೀಲಿ ಬ್ಲೇಜರ್ ನನ್ನದು. ಕೊನೆಯ ವರ್ಷ, ಮತ್ತೆ ಅವಕಾಶವಿಲ್ಲ. ಟೀಮು ಕಣಕ್ಕೆ ಇಳಿಯಬೇಕಾದರೆ ಕಡೆಯ ಪಕ್ಷ ಎಂಟು ಹೆಸರು ಬೇಕು. ಒಂಬತ್ತಿವೆ. ಅಳಿದೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ನಾನು ಕ್ಯಾಪ್ಟನ್.

ಜುಲೈ 10, ಗುರುವಾರ

ತೇಜಶ್ರೀ ಮಾತುಮಾತಿಗೂ "ಅಕ್ಕಾ, ಅಕ್ಕಾ" ಅನ್ನುತ್ತಾಳೆ. "ಕೋರ್ಟಲ್ಲಿ ಅಕ್ಕ ಗಿಕ್ಕ ಎಲ್ಲ ಬೇಡ. ನಾನು ನಮ್ಮಮ್ಮಂಗೆ ಒಬ್ಬಳೇ ಮಗಳು, ಯಾರಿಗೂ ಅಕ್ಕ ಅಲ್ಲ. ಕ್ಯಾಪ್ಟನ್ ಅನ್ನು" ಎಂದೆ. "ಸರಿ ಅಕ್ಕಾ" ಎಂದಳು.

ಜುಲೈ 14, ಸೋಮವಾರ

ಇವತ್ತು ಕೋಕಿಲಾಗೆ ಆರು ಪಾಸು ಕೊಟ್ಟೆ. ಐದು ಕೈಜಾರಿ ರಸ್ತೆಗೆ ಹೋದವು, ಆರನೆಯದು ಎಳನೀರು ಗಾಡಿಯ ಕೆಳಗೆ. ನನಗೂ ತಡೆಯಲಿಲ್ಲ. "ನಿನ್ ಜಾಗದಲ್ಲಿ ಒಂದ್ ಕಂಬ ನೆಟ್ಟಿದ್ರೂ ವಾಸಿ ಇತ್ತು ಕಣೇ, ಬಾಲ್ ತಗುಲಿ ವಾಪಸ್ಸಾದ್ರೂ ಬರ್ತಿತ್ತು" ಎಂದೆ. ಎಲ್ಲರೂ ನಕ್ಕರು. ಕೋಕಿಲಾನೂ ನಕ್ಕಳು.

ಜುಲೈ 17, ಗುರುವಾರ

ಕೋಕಿಲಾ ಮೂರು ದಿನದಿಂದ ಇಲ್ಲ. ಎನ್.ಆರ್. ಕಾಲೋನಿಯ ಹಲ್ಲಿನ ಡಾಕ್ಟರ ಬಳಿ ರಿಸೆಪ್ಷನ್ನಿನಲ್ಲಿದ್ದಾಳೆ, ಅಲ್ಲಿ ಡ್ಯೂಟಿ ಜಾಸ್ತಿಯಂತೆ. ಹೋಗಲಿ ಬಿಡು, ಎಂಟು ಸಾಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಜುಲೈ 26, ಶನಿವಾರ

ಆಟ ಮುಗಿದ ಮೇಲೆ ಇಡ್ಲಿ ತಿನ್ನುವಾಗ ಬಿ.ಸಿ.ಎ. ಹುಡುಗಿಯೊಬ್ಬಳು ನನ್ನ ವಯಸ್ಸು ಕೇಳಿದಳು. ಇಪ್ಪತ್ತಮೂರು ಎಂದೆ. ಪಿ.ಯು.ಸಿ. ಮುಗಿಯುವ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದು, ತೀರಿಕೊಂಡು, ನಾನು ನಗರ್ತಪೇಟೆಯ ಲೇಸು–ಗುಂಡಿ ಅಂಗಡಿಗೆ ಸೇರಿಕೊಂಡು, ಐದು ವರ್ಷ ಕಾಲೇಜಿನ ಮುಖ ನೋಡಿರಲಿಲ್ಲ. ಇಲ್ಲದಿದ್ದರೆ ಇವರ ಜೊತೆ ಇಡ್ಲಿ ತಿನ್ನುವ ಪ್ರಸಂಗ ಬರುತ್ತಿರಲಿಲ್ಲ.

ಹುಟ್ಟುಹಬ್ಬ ಯಾವಾಗ ಎಂದು ಕೇಳಿದ್ದಕ್ಕೆ ಎರಡು ಎಂದೆ. ಮನೆಯದು ಡಿಸೆಂಬರ್ ಎರಡು, ಸ್ಕೂಲಿನದು ಮೇ ಹನ್ನೊಂದು. ಅದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ. ಭಾಗ್ಯನದೂ ಹಾಗೇ, ಮೀನಾಳ ಅಣ್ಣನದೂ ಹಾಗೇ. ಸೇರಿಸುವ ದಿನ ಮೇಷ್ಟ್ರು ಬಾಯಿಗೆ ಬಂದ ತಾರೀಖು ಬರೆಯುತ್ತಿದ್ದರು. ನಮ್ಮಮ್ಮ ಮಾತ್ರ ಎರಡನ್ನೂ ಬಿಡುವುದಿಲ್ಲ. ಡಿಸೆಂಬರಿನಲ್ಲಿ ಕೋಳಿ ಸಾರು, ಮೇ ತಿಂಗಳಲ್ಲಿ ಶಾವಿಗೆ ಪಾಯಸ. "ಸರ್ಟಿಫಿಕೇಟ್ ಹುಟ್ಟಿದ ಹಬ್ಬ" ಅನ್ನುತ್ತಾಳೆ. ಬುದ್ಧನ ಫೋಟೋ ಮುಂದೆ ಆವತ್ತು ಒಂದು ಮೊಂಬತ್ತಿ ಜಾಸ್ತಿ. ಹೇಳಿದಾಗ ಎಲ್ಲರೂ ನಕ್ಕರು, ನಿಮ್ಮಮ್ಮ ಬಲೇ ತಮಾಷೆ ಎಂದರು.

ಆಗಸ್ಟ್ 6, ಬುಧವಾರ



ಅರ್ಜಿ ತುಂಬುತ್ತಿದ್ದ ಸರ್ ಕರೆದರು. "ವಾಣಿ, ಜುಲೈ ಒಂದಕ್ಕೆ ಇಪ್ಪತ್ತೈದು ತುಂಬಿರಬಾರದು ಅಂತ ರೂಲ್ ಇದೆ. ನಿನ್ ಮಾರ್ಕ್ಸ್ ಕಾರ್ಡಲ್ಲಿ 11-5-2000 ಇದೆ. ಹೋದ್ ಮೇ ತಿಂಗಳಿಗೇ ನಿಂಗೆ ಇಪ್ಪತ್ತೈದು ಆಗೋಯ್ತು" ಎಂದರು.

ಅದು ಸ್ಕೂಲಿನ ತಾರೀಖು ಸರ್, ಮೇಷ್ಟ್ರು ಸುಮ್ಮನೆ ಬರೆದದ್ದು ಎಂದೆ. ಸರ್ ತಲೆಯಾಡಿಸಿದರು. "ಮೇಷ್ಟ್ರು ಸುಮ್ನೆ ಬರೆದ್ರೆ ಜೂನ್ ಒಂದು ಅಂತ ಬರೀತಾರಮ್ಮ. ನಂದೂ ಅದೇ, ನಮ್ ಬ್ಯಾಚಲ್ಲಿ ಅರ್ಧ ಜನದ್ದೂ ಅದೇ. ಮೇ ಹನ್ನೊಂದು ಅಂತ ಯಾರೂ ಊಹೆ ಮಾಡಲ್ಲ. ಯಾವ್ದೋ ಕಾಗದ ನೋಡಿ ಬರೆದಿರೋದು. ಮನೇಲಿ ಹುಡುಕು."

ಆಗಸ್ಟ್ ಇಪ್ಪತ್ತೆರಡಕ್ಕೆ ಅರ್ಜಿ ಹಾಕಲು ಕೊನೆಯ ದಿನ. ನಾನಿಲ್ಲದಿದ್ದರೆ ಹೆಸರು ಏಳೇ.

ಆಗಸ್ಟ್ 7, ಗುರುವಾರ

ಅಮ್ಮ ಕೆಲಸಕ್ಕೆ ಹೋದ ಮೇಲೆ ಟ್ರಂಕು ತೆಗೆದೆ. ಅಪ್ಪನ ಪಿಂಚಣಿ ಕಾಗದಗಳ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ, ಜನನ ಪ್ರಮಾಣಪತ್ರ. ಮಗುವಿನ ಹೆಸರು ವಾಣಿ. ತಂದೆ ಅಂಜನಪ್ಪ, ತಾಯಿ ಕಮಲಮ್ಮ. ಹುಟ್ಟಿದ್ದು ಚಾಮರಾಜಪೇಟೆಯ ಆಸ್ಪತ್ರೆಯಲ್ಲಿ, ಹನ್ನೊಂದನೇ ಮೇ, ಎರಡು ಸಾವಿರ. ಪಾಲಿಕೆಯ ಮೊಹರು, ಸಹಿ, ಎಲ್ಲ ಸರಿಯಾಗಿವೆ.

ಹಾಗಾದರೆ ಡಿಸೆಂಬರ್ ಎರಡು ಯಾರದು? ಅಮ್ಮ ಬಸವನಗುಡಿಯ ಶಾಲೆಯಲ್ಲಿ ಆಯಾ, ನಾಲ್ಕು ಗಂಟೆಗೆ ಬಂದಳು. ಕಾಗದ ಕೈಯಲ್ಲಿ ಹಿಡಿದೇ ಕೇಳಿದೆ. ಅಮ್ಮ ಚೀಲವನ್ನೂ ಇಳಿಸಲಿಲ್ಲ. "ಇದ್ದಲ್ಲೇ ಇಟ್ಬಿಡು ಅದನ್ನ" ಎಂದಳು. ಆಮೇಲೆ ನಾನು ಕಾಲೇಜಿಗೆ ಹೊರಡುವವರೆಗೂ ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದಳು, ನಾಲ್ಕು ಜನಕ್ಕಾಗುವಷ್ಟು.

ಆಗಸ್ಟ್ 9, ಶನಿವಾರ

ಅಮ್ಮ ಹೇಳಿದಳು. ನಾನು ಗಟ್ಟಿಸಿ ಕೇಳಿದ್ದಕ್ಕಲ್ಲ, ತಾನಾಗಿಯೇ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ನನ್ನ ಏಳನೇ ನಂಬರಿನ ಜರ್ಸಿ ಹಿಂಡುತ್ತಾ.

ನನಗಿಂತ ಮೊದಲು ಒಂದು ಮಗು ಇತ್ತು. ಹೆಣ್ಣು. ಅದಕ್ಕೂ ವಾಣಿ ಎಂದೇ ಹೆಸರು. ಹತ್ತು ತಿಂಗಳಿಗೆ ಜ್ವರ ಬಂದು ಮೂರೇ ದಿನದಲ್ಲಿ ಹೋಯಿತು. "ಅವಳು ಹೋದಾಗ ನೀನು ಹೊಟ್ಟೇಲಿದ್ದೆ. ಆಗ ನಂಗೇ ಗೊತ್ತಿರ್ಲಿಲ್ಲ" ಎಂದಳು. ಅದೇ ವರ್ಷ ಡಿಸೆಂಬರಿನಲ್ಲಿ ಕೋಲಾರದ ಕಡೆ ಅಜ್ಜಿಯ ಮನೆಯಲ್ಲಿ ನಾನು ಹುಟ್ಟಿದೆ, ಸೂಲಗಿತ್ತಿಯ ಕೈಯಲ್ಲಿ. ಹೋದ ಮಗುವಿನ ಹೆಸರು ಇಡಬೇಡಿ ಎಂದು ಎಲ್ಲರೂ ಹೇಳಿದರಂತೆ. "ನಿಮ್ಮಪ್ಪಂಗೆ ಬೇರೆ ಹೆಸ್ರು ಬಾಯಿಗೇ ಬರ್ಲಿಲ್ಲ. ನಿನ್ನ ಎತ್ಕೊಂಡಿದ್ದೇ ವಾಣಿ ಅಂದ್ಬಿಟ್ರು."

ನಾಲ್ಕೂವರೆ ವರ್ಷಕ್ಕೆ ನನ್ನನ್ನು ಶಾಲೆಗೆ ಹಾಕಿದರು, ಅಮ್ಮ ಕೆಲಸಕ್ಕೆ ಹೋಗಬೇಕಿತ್ತಲ್ಲ. ಮನೆಯಲ್ಲಿದ್ದದ್ದು ಒಂದೇ ಜನನ ಪತ್ರ, ಅದರಲ್ಲಿ ಆರು ತುಂಬಿತ್ತು, ಹೆಸರೂ ಅದೇ. ಅಪ್ಪ ಅದನ್ನೇ ತೆಗೆದುಕೊಂಡು ಹೋದರು. ಪಾಲಿಕೆಯ ವಾರ್ಡ್ ಆಫೀಸಿನಲ್ಲೇ ಅಟೆಂಡರ್ ಆಗಿದ್ದವರು. ದಿನಾ ಊರವರ ಹುಟ್ಟು–ಸಾವಿನ ಪುಸ್ತಕ ಹೊತ್ತು ಮೇಜಿಂದ ಮೇಜಿಗೆ ಇಡುತ್ತಿದ್ದವರು. ತಮ್ಮ ಮನೆಯ ಸಾವು ಬರೆಸಲಿಲ್ಲ, ನನ್ನ ಹುಟ್ಟೂ ಬರೆಸಲಿಲ್ಲ.

ಅಂದರೆ ಸರ್ಕಾರದ ಲೆಕ್ಕದಲ್ಲಿ ಅವಳು ಸತ್ತೇ ಇಲ್ಲ, ನಾನು ಹುಟ್ಟೇ ಇಲ್ಲ.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಅಪ್ಪನ ಮೇಲೆ, ಅಮ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಮಗುವಿನ ಮೇಲೆ. ಹತ್ತು ತಿಂಗಳಿದ್ದು ಹೋದದ್ದು ಈಗ ಬಂದು ನನ್ನ ಕಾಲಿಗೆ ಅಡ್ಡ ಹಾಕುತ್ತಿದೆಯಲ್ಲ! ಪಾಯಸ ಇಷ್ಟು ವರ್ಷ ನಾನು ತಿಂದೆ. ನನ್ನದೆಂದುಕೊಂಡು.

ಆಗಸ್ಟ್ 11, ಸೋಮವಾರ

ಸರ್‌ಗೆ ಹೇಳಿದೆ. ಅವರು ಸುಮಾರು ಹೊತ್ತು ಸೀಟಿಯ ದಾರ ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು. ಮಧ್ಯಾಹ್ನ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ತಮಗೆ ಗೊತ್ತಿರುವವರನ್ನು ಕೇಳಿ ಬಂದು, ದಾರಿ ಇದೆ ಎಂದರು. ಅಮ್ಮ ನೋಟರಿ ಮುಂದೆ ಅಫಿಡವಿಟ್ ಮಾಡಿಕೊಡಬೇಕು. ಮೊದಲ ಮಗು ಇಂಥ ದಿನ ತೀರಿಕೊಂಡಿತು, ಎರಡನೆಯದು ಇಂಥ ದಿನ ಹುಟ್ಟಿತು. ಅದನ್ನಿಟ್ಟು ಎರಡನ್ನೂ ನೋಂದಾಯಿಸಲು ಅರ್ಜಿ ಹಾಕಿದರೆ, ಅದರ ಸ್ವೀಕೃತಿ ನೋಡಿಯೇ ಈ ವರ್ಷಕ್ಕೆ ಆಡಿಸುತ್ತಾರಂತೆ. ಮಾರ್ಕ್ಸ್ ಕಾರ್ಡ್ ತಿದ್ದಿಸುವುದು ಆಮೇಲಿನ ಮಾತು.

ಒಂದೇ ಒಂದು ಸಹಿ!

ಆಗಸ್ಟ್ 12, ಮಂಗಳವಾರ

ಅಮ್ಮ ಆಗುವುದಿಲ್ಲ ಎಂದಳು.

ನಾನು ಜಗಳವಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಇರುವ ಮಗಳಿಗಿಂತ ಇಲ್ಲದ ಮಗಳೇ ಹೆಚ್ಚಾ ನಿನಗೆ ಎಂದೆ. ಅಮ್ಮ ಎದುರು ಕಿರುಚಲಿಲ್ಲ. ಕೆಳಗೆ ನೋಡುತ್ತಾ ಹೇಳಿದಳು:

"ನೀನು ಒಂದನೇ ಕ್ಲಾಸ್ ಪಾಸಾದ ದಿನ ನಿಮ್ಮಪ್ಪ ಕೆಲಸದಿಂದ ಬಂದೋರೇ, 'ಕಮಲಾ, ನಮ್ ಎರಡು ಮಕ್ಳೂ ಪಾಸಾದ್ವು' ಅಂದ್ರು. ನಾನ್ ಬೈದೆ. ಎಸ್ಸೆಸ್ಸೆಲ್ಸಿಗೂ ಅದೇ ಅಂದ್ರು. ಪಿಯುಸಿಗೂ ಅದೇ ಅಂದ್ರು, ಆಗ ಹಾಸಿಗೆ ಮೇಲಿದ್ರು. ಅವಳು ಒಂದು ಹೆಜ್ಜೆ ನಡೆದೋಳಲ್ಲ ವಾಣಿ. ಗೋಡೆ ಹಿಡ್ಕೊಂಡು ನಿಲ್ತಿದ್ಲು ಅಷ್ಟೆ. ಆ ಕಾಗದದಲ್ಲಾದ್ರೂ ಶಾಲೆಗೆ ಹೋದ್ಲು, ಡಿಗ್ರಿಗೆ ಬಂದ್ಲು. ಇಪ್ಪತ್ತೈದು ವರ್ಷ ಬಿಟ್ಟು ನಾನೇ ಹೋಗಿ, ಇಲ್ಲ ಸಾರ್, ಅವಳು ಸತ್ತೋದ್ಲು ಅಂತ ಬರೆಸ್ಲಾ?"

ಊಟ ಮಾಡದೆ ಅಂಗಡಿಗೆ ಹೋದೆ. ಹನ್ನೆರಡು ಡಜನ್ ಕೋಟಿನ ಗುಂಡಿ ಕೇಳಿದವರಿಗೆ ಷರ್ಟಿನದು ಕಟ್ಟಿಕೊಟ್ಟು ಬೈಸಿಕೊಂಡೆ.

ಆಗಸ್ಟ್ 14, ಗುರುವಾರ

ಆಡಲಿಲ್ಲ. ಅಮ್ಮನೂ ನಾನೂ ಮಾತಾಡಿಲ್ಲ.

ಆಗಸ್ಟ್ 16, ಶನಿವಾರ

ಕೋರ್ಟಿಗೆ ಹೋದೆ, ಬೂಟು ಹಾಕಿಕೊಳ್ಳಲಿಲ್ಲ. ಕಟ್ಟೆಯ ಮೇಲೆ ಕೂತು ನೋಡಿದೆ. ಕೂತು ನೋಡಿದರೆ ಬೇರೆ ಕಾಣಿಸುತ್ತದೆ. ಮೋನಿಷಾ ನಿದ್ದೆ ಮಾಡುತ್ತಿಲ್ಲ, ಅವಳಿಗೆ ಬಾಲು ಹೋಗುತ್ತಲೇ ಇಲ್ಲ. ಇಷ್ಟು ದಿನ ಕೊಡಬೇಕಾದವಳು ನಾನು, ನಾನೇ ಬುಟ್ಟಿಗೆ ಎಸೆದುಬಿಡುತ್ತಿದ್ದೆ. ತೇಜಶ್ರೀ ಫೌಲು ಮಾಡುವುದು ಕಾಲಿನಿಂದಲ್ಲ, ಕಣ್ಣಿನಿಂದ. ಬಾಲನ್ನೇ ನೋಡುತ್ತಾಳೆ, ಎದುರಿನವಳ ಸೊಂಟ ನೋಡುವುದಿಲ್ಲ. ಕರೆದು ಹೇಳಿದೆ. ಆಮೇಲೆ ಹತ್ತು ನಿಮಿಷಕ್ಕೆ ಒಂದೇ ಫೌಲು.

"ಅಕ್ಕಾ, ನೀವ್ಯಾಕೆ ಆಡ್ತಿಲ್ಲ?" ಎಂದಳು. ಹುಷಾರಿಲ್ಲ ಎಂದೆ.

ಆಗಸ್ಟ್ 18, ಸೋಮವಾರ

ಬೆಳಗ್ಗೆ ಎದ್ದಾಗ ಅಮ್ಮ ಮದುವೆ ಮನೆಗೆ ಉಡುವ ಹಸಿರು ಸೀರೆ ಉಟ್ಟು ಕೂತಿದ್ದಳು. "ನಡಿ, ಸಹಿ ಹಾಕ್ತೀನಿ. ನಿನ್ ಮುಖ ನೋಡಕ್ಕಾಗ್ತಿಲ್ಲ" ಎಂದಳು.

ಟೌನ್‌ಹಾಲ್ ಹತ್ತಿರದ ನೋಟರಿ ಬಳಿ ಹೋದೆವು. ಅಲ್ಲಿನ ಗುಮಾಸ್ತ ಕೇಳಿ ಕೇಳಿ ಟೈಪ್ ಮಾಡಿದ. ಅಮ್ಮ ಕಾಗದ ತೆಗೆದುಕೊಂಡು ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದಳು. 'ನನ್ನ ಹಿರಿಯ ಮಗಳಾದ ಕುಮಾರಿ ವಾಣಿ ಎಂಬುವಳು ದಿನಾಂಕ 19-3-2001ರಂದು ಮೃತಪಟ್ಟಿರುತ್ತಾಳೆ.' ಕುಮಾರಿ ಅನ್ನುವಲ್ಲಿ ಬೆರಳು ಸ್ವಲ್ಪ ನಿಂತಿತು.

"ಇದಕ್ಕೆ ಹಾಕಿದ್ರೆ ಅವಳ ಹೆಸ್ರು ಎಲ್ಲಾ ಕಡೆಯಿಂದ ಹೋಗುತ್ತಾ ಸಾರ್?" ಎಂದು ಕೇಳಿದಳು.

"ಹೋಗ್ಲೇಬೇಕಲ್ಲಮ್ಮ. ಸತ್ತೋರ್ ಹೆಸರಲ್ಲಿ ಮಾರ್ಕ್ಸ್ ಕಾರ್ಡ್ ಇರಕ್ಕಾಗುತ್ತಾ?" ಎಂದ ಅವನು. ಒಳ್ಳೆಯ ಮನುಷ್ಯನೇ, ಅಮ್ಮನಿಗೆ ಕುರ್ಚಿ ಕೊಟ್ಟಿದ್ದ.

ಅಮ್ಮ 'ಕ' ಬರೆದಳು. ಅವಳ ಸಹಿಗೆ ನಾಲ್ಕೇ ಅಕ್ಷರ, ಯಾವಾಗಲೂ ಒಂದೇ ಉಸಿರಿಗೆ ಬರೆಯುತ್ತಾಳೆ. 'ಕ' ಬರೆದು ನಿಂತಳು. ಪೆನ್ನು ಕಾಗದದ ಮೇಲೇ ಇತ್ತು, ಶಾಯಿ ಅಲ್ಲೇ ಚುಕ್ಕೆಯಾಗಿ ಹರಡಿತು. ಅಳಲಿಲ್ಲ. ಮನೆಯಲ್ಲಿ ಒಲೆಯ ಮೇಲೆ ಏನೋ ಮರೆತು ಬಂದವಳ ಹಾಗೆ ಬಾಗಿಲ ಕಡೆ ನೋಡಿದಳು.

ನಾನು ಕಾಗದ ಎಳೆದುಕೊಂಡೆ.

"ಯಾಕೆ? ನಾನ್ ಹಾಕ್ತಿದ್ದೆ" ಎಂದಳು.

"ಬೇಡಮ್ಮ. ನಡಿ."

ದಾರಿಯಲ್ಲಿ ಬಸ್ಸು ಸಿಗಲಿಲ್ಲ, ಮಾರ್ಕೆಟ್ಟಿನವರೆಗೆ ನಡೆದೆವು. ಅಮ್ಮ ನನ್ನ ಕೈ ಬಿಡಲಿಲ್ಲ. ಇಷ್ಟು ದೊಡ್ಡವಳ ಕೈ ಹಿಡಿದುಕೊಂಡು ನಡೆಯುತ್ತಾಳಲ್ಲ ಎಂದು ನಾಚಿಕೆಯಾಯಿತು, ಬಿಡಿಸಿಕೊಳ್ಳಲಿಲ್ಲ. ನಾನು ದೊಡ್ಡ ಮನಸ್ಸು ಮಾಡಿದೆ ಎಂದೇನೂ ಅಲ್ಲ. ಬ್ಲೇಜರ್ ಹೋಯಿತು ಎಂದು ಹೊಟ್ಟೆ ಉರಿಯುತ್ತಿದೆ, ಈಗಲೂ. ಆದರೆ ಆ 'ಕ' ನೋಡಿದ ಮೇಲೆ ಉಳಿದ ಮೂರು ಅಕ್ಷರ ಬರೆಸಲು ನನ್ನಿಂದ ಆಗಲಿಲ್ಲ.

ಆಗಸ್ಟ್ 19, ಮಂಗಳವಾರ

ಸರ್‌ಗೆ ಅಫಿಡವಿಟ್ಟಿಗೆ ಬೇಕಾದ ಹಳೆಯ ದಾಖಲೆ ಸಿಗಲಿಲ್ಲ ಎಂದು ಸುಳ್ಳು ಹೇಳಿದೆ. ಅವರು ನಂಬಿದ ಹಾಗೆ ನಟಿಸಿದರು. "ಹಂಗಾದ್ರೆ ಏಳೇ ಜನ. ಟೀಮ್ ಇಲ್ಲ ಅಂತ ಬರ್ದು ಕಳಿಸ್ಬಿಡ್ಲಾ?" ಎಂದರು. ನನಗೆ ಹ್ಞೂಂ ಅನ್ನಬಹುದಿತ್ತು. ನಾನಿಲ್ಲದ ಟೀಮು ಇದ್ದರೆಷ್ಟು ಬಿಟ್ಟರೆಷ್ಟು ಎಂದು ಹೋದ ತಿಂಗಳು ಅಂದುಕೊಳ್ಳುತ್ತಿದ್ದೆ. "ಇಪ್ಪತ್ತೆರಡರ ತನಕ ಇರಿ ಸರ್" ಎಂದೆ.

ಅಂಗಡಿಗೆ ಅರ್ಧ ದಿನ ರಜೆ ಹೇಳಿ ಎನ್.ಆರ್. ಕಾಲೋನಿಗೆ ಹೋದೆ. ಕೋಕಿಲಾ ಕ್ಲಿನಿಕ್ಕಿನ ಮೇಜಿನ ಹಿಂದೆ ಕೂತು ಯಾರಿಗೋ ಟೋಕನ್ ಕೊಡುತ್ತಿದ್ದಳು. ನನ್ನನ್ನು ನೋಡಿ, "ಹಲ್ಲು ನೋವಾ?" ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೋಗಿಗಳೆಲ್ಲ ಕೆನ್ನೆ ಹಿಡಿದುಕೊಂಡು ಕೂತಿದ್ದ ಆ ಬೆಂಚಿನಲ್ಲಿ ನಾನೂ ಕೂತೆ. ಜನ ಕಡಿಮೆಯಾಗುವವರೆಗೂ ಕಾದೆ. ಆವತ್ತು ಕಂಬ ಎಂದದ್ದು ತಪ್ಪಾಯಿತು ಎಂದೆ. ಅವಳು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದಳು.

"ನೀವ್ ಅಂದಿದ್ದು ನಿಜಾನೇ ಅಲ್ವಾ. ನಂಗ್ ಆಡಕ್ ಬರಲ್ಲ. ಆದ್ರೆ ಬೆಳಗ್ಗೆ ಆರಿಂದ ಏಳು, ಅದೊಂದ್ ಗಂಟೆ ಯಾರೂ ನನ್ನ ಏನೂ ಕೇಳ್ತಿರ್ಲಿಲ್ಲ. ಮನೇಲಿ ಒಂದ್ ಕೆಲಸ, ಇಲ್ಲೊಂದ್ ಕೆಲಸ. ಅದಕ್ಕೇ ಬರ್ತಿದ್ದೆ. ಈಗ ಎಂಟು ಜನ ಬೇಕು ಅಂತ ಬಂದಿದೀರ, ಅಲ್ವಾ?"

ಹೌದು ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನೀವೂ ಇರ್ತೀರಾ?"

ನಾನು ಆಡುವ ಹಾಗಿಲ್ಲ, ಬೆಂಚಿನಲ್ಲಿ ಕೂತಿರುತ್ತೇನೆ ಎಂದೆ. ಅವಳು ಯಾಕೆ ಎಂದು ಕೇಳಲಿಲ್ಲ. "ಬರ್ತೀನಿ ಬಿಡಿ ಅಕ್ಕ" ಎಂದಳು.

ಆಗಸ್ಟ್ 22, ಶುಕ್ರವಾರ

ಅರ್ಜಿ ಕೊಟ್ಟೆವು. ಪಟ್ಟಿ ನನ್ನ ಅಕ್ಷರದಲ್ಲೇ ಇದೆ. ಕ್ಯಾಪ್ಟನ್ ಮೀನಾ. ಗಣೇಶನ ಹಬ್ಬ ಆದ ಮೇಲೆ ಅಂಗಡಿ ತಾನು ನೋಡಿಕೊಳ್ಳುತ್ತೇನೆ ಎಂದು ಅವರಮ್ಮ ಒಪ್ಪಿದ್ದಾರೆ; ಎರಡು ಸಲ ಮಾರ್ಕೆಟ್ಟಿಗೆ ಹೋಗಿ ಕೇಳಬೇಕಾಯಿತು, ಮೂರು ಮೊಳ ಕನಕಾಂಬರವನ್ನೂ ಕೊಳ್ಳಬೇಕಾಯಿತು. ಎಂಟನೆಯ ಹೆಸರು ಕೋಕಿಲಾ. ಕೆಳಗೆ 'ಮ್ಯಾನೇಜರ್' ಎಂಬಲ್ಲಿ ವಾಣಿ ಎ.

ಮ್ಯಾನೇಜರಿಗೆ ವಯಸ್ಸಿನ ಮಿತಿ ಇಲ್ಲ. ಆದರೂ ಜನ್ಮ ದಿನಾಂಕ ಕೇಳಿದ್ದರು. 11-5-2000 ಎಂದು ಬರೆದೆ. ಎಷ್ಟೋ ಸಲ ಬರೆದಿದ್ದೇನೆ, ಇವತ್ತು ಸ್ವಲ್ಪ ನಿಧಾನವಾಯಿತು.

ಸೆಪ್ಟೆಂಬರ್ 4, ಗುರುವಾರ

ಮೋನಿಷಾ ಪಾಳಿ ಬದಲಿಸಿಕೊಂಡಿದ್ದಾಳೆ. ಭಾಗ್ಯನ ಮೊಣಕಾಲಿಗೆ ಪಟ್ಟಿ ಸುತ್ತುವುದನ್ನು ಕಲಿತೆ. ಮೇಲಿನಿಂದಲ್ಲ, ಕೆಳಗಿನಿಂದ ಸುತ್ತಬೇಕಂತೆ. ಬಿ.ಸಿ.ಎ. ಹುಡುಗಿಯರಲ್ಲಿ ಇಬ್ಬರು ಈಗ ಕಣ್ಣು ಬಿಟ್ಟು ಬಾಲ್ ಹಿಡಿಯುತ್ತಾರೆ. ಕೋಕಿಲಾ ಇವತ್ತು ಹತ್ತರಲ್ಲಿ ಮೂರು ಹಿಡಿದಳು.

ಏಳನೇ ನಂಬರ್ ಜರ್ಸಿ ತೇಜಶ್ರೀಗೆ ಕೊಟ್ಟೆ. ಮೊಣಕಾಲಿನವರೆಗೆ ಬರುತ್ತದೆ. ಮನೆಗೆ ತಂದು ಅಮ್ಮನ ಕೈಲಿ ಕೆಳಗಡೆ ಮಡಿಚಿ ಹೊಲಿಸಿದೆ. ಅಮ್ಮ ಹೊಲಿಯುತ್ತಾ, "ಇಷ್ಟ್ ಚಿಕ್ಕೋಳಾ?" ಎಂದಳು. ಅವಳ ತಲೆ ನನ್ನ ಹೆಗಲಿಗೆ ಬರುತ್ತದೆ ಎಂದೆ. ಒಳಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ಜರ್ಸಿಗೇ ಅತ್ತದ್ದು, ಬೇರೆ ಏನಕ್ಕೂ ಅಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಸೋತೆವು. 58–27.

ಎದುರಿನವರು ಸ್ಪೋರ್ಟ್ಸ್ ಕೋಟಾದವರು, ಎಲ್ಲರಿಗೂ ಒಂದೇ ಥರದ ಬೂಟು. ಬೆಂಚಿನಲ್ಲಿ ಕೂರುವುದು ಎಷ್ಟು ಕಷ್ಟ ಎಂದು ಯಾರೂ ಹೇಳಿರಲಿಲ್ಲ. ಎರಡನೇ ಕ್ವಾರ್ಟರಿನಲ್ಲಿ ಎದುರಿನ ಗಾರ್ಡ್ ಎಡಕ್ಕೆ ತಿರುಗುವಾಗಲೆಲ್ಲ ಬಾಲು ಎತ್ತರಕ್ಕೆ ಪುಟಿಸುತ್ತಿದ್ದಳು. ನಾನಾಗಿದ್ದರೆ ನಾಲ್ಕು ಸಲ ಕಿತ್ತುಕೊಂಡಿರುತ್ತಿದ್ದೆ. ನನ್ನ ಕಾಲುಗಳು ತಾವಾಗಿಯೇ ಎದ್ದವು, ಸರ್ ಹೆಗಲು ಒತ್ತಿ ಕೂರಿಸಿದರು. ಆಯ್ಕೆ ಸಮಿತಿಯವರು ಎದುರು ಕಟ್ಟೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಹೋದ ವರ್ಷ ನನ್ನ ಹೆಸರು ಬರೆದುಕೊಂಡಿದ್ದವರೇ. ಅವರಲ್ಲೊಬ್ಬರು ಬಂದು, "ಯಾಕಮ್ಮ, ಗಾಯಾನಾ?" ಎಂದು ಕೇಳಿದರು. ಹ್ಞೂಂ ಎಂದೆ.

ಮೋನಿಷಾ ಹನ್ನೆರಡು ಪಾಯಿಂಟು ಹಾಕಿದಳು. ತೇಜಶ್ರೀ ಮೂರನೇ ಕ್ವಾರ್ಟರಿನಲ್ಲೇ ಐದು ಫೌಲಾಗಿ ಹೊರಗೆ ಬಂದು ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಆಮೇಲೆ ಭಾಗ್ಯ ಕೂತಳು, ಬಿ.ಸಿ.ಎ. ಹುಡುಗಿಯೊಬ್ಬಳಿಗೆ ಬೆರಳು ಉಳುಕಿತು. ಉಳಿದದ್ದು ಕೋಕಿಲಾ. ಹೋಗುವ ಮುಂಚೆ ನನ್ನ ಕಡೆ ನೋಡಿದಳು. "ಬಾಲ್ ಹಿಡಿ, ಮೋನಿಷಾಗೆ ಕೊಡು. ಬೇರೆ ಏನೂ ಮಾಡ್ಬೇಡ" ಎಂದೆ. ಆರು ನಿಮಿಷ ಆಡಿದಳು. ಎರಡು ಸಲ ಬಾಲು ಬಂತು, ಎರಡು ಸಲವೂ ಹಿಡಿದಳು, ಮೋನಿಷಾಗೆ ಕೊಟ್ಟಳು.

ಸೀಟಿ ಊದಿದ ಮೇಲೆ ಸ್ಕೋರಿನ ಹಲಗೆ ನೋಡುವುದೇ ಬೇಡ ಎನಿಸಿತು. ಮುಂದಿನ ವರ್ಷ ನಾನಿಲ್ಲ, ಭಾಗ್ಯ ಇಲ್ಲ, ಮೀನಾನೂ ಇಲ್ಲ. ಸಂಜೆ ಕಾಲೇಜಿಗೆ ಸೇರುವವರೂ ವರ್ಷ ವರ್ಷ ಕಡಿಮೆ. ಎಂಟು ಹೆಸರು ಎಲ್ಲಿಂದ ಬರಬೇಕು?

ಸೆಪ್ಟೆಂಬರ್ 27, ಶನಿವಾರ

ಆಯ್ಕೆ ಪಟ್ಟಿ ಬಂತು. ನಮ್ಮವರು ಯಾರೂ ಇಲ್ಲ. ಭಾಗವಹಿಸಿದ್ದಕ್ಕೆ ಸರ್ಟಿಫಿಕೇಟ್ ಬಂದಿವೆ, ಎಂಟು ಜನಕ್ಕೂ ಮ್ಯಾನೇಜರಿಗೂ ಒಂದೇ ನಮೂನೆ. ಕೋಕಿಲಾ ತನ್ನದನ್ನು ಕ್ಲಿನಿಕ್ಕಿನ ಗೋಡೆಗೆ ಹಾಕಿಸಿದ್ದಾಳಂತೆ, ಡಾಕ್ಟರ ಡಿಗ್ರಿಯ ಪಕ್ಕದಲ್ಲೇ.

ನನ್ನದನ್ನು ಮನೆಗೆ ತಂದು ಟೇಬಲ್ಲಿನ ಮೇಲೆ ಹಾಕಿದ್ದೆ. ಅಮ್ಮ ಕೈ ಒರೆಸಿಕೊಂಡು ಬಂದು ಎತ್ತಿಕೊಂಡಳು. ಬೆರಳಿಟ್ಟು ಓದಿದಳು: ಕುಮಾರಿ ವಾಣಿ ಎ., ಜನನ 11-5-2000, ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ. ಎರಡು ಸಲ ಓದಿದಳು. ಟ್ರಂಕು ತೆಗೆದು, ಆ ಪ್ಲಾಸ್ಟಿಕ್ ಕವರಿನಲ್ಲಿ ಜನನ ಪತ್ರದ ಹಿಂದೆ ಜೋಪಾನವಾಗಿ ಇಟ್ಟಳು.

"ಅಕ್ಕಂಗೆ ಬಾಲ್ ಆಟ ಇಷ್ಟ ಆಗ್ತಿತ್ತೇನಮ್ಮ?" ಎಂದು ಕೇಳಿದೆ. ಅಮ್ಮ ನನ್ನ ಕಡೆ ತಿರುಗಿ ನೋಡಿದಳು, ನಾನೇನೋ ಹೊಸದು ಹೇಳಿದವಳಂತೆ.

"ಹತ್ತು ತಿಂಗಳ ಮಗೂಗೆ ಏನು ಗೊತ್ತಾಗುತ್ತೆ. ಕೈಗೆ ಸಿಕ್ಕಿದ್ದೆಲ್ಲ ಎಸೀತಿದ್ಲು" ಎಂದಳು. ಟ್ರಂಕಿನ ಚಿಲಕ ಹಾಕಿದಳು, ಆದರೆ ಕೈ ಅದರ ಮೇಲೇ ಇತ್ತು. "ಅವಳ ಸರ್ಟಿಫಿಕೇಟ್ ಬಂತು. ನಿಂದು?"

ಸೋಮವಾರದಿಂದ ಪ್ರಾಕ್ಟೀಸ್ ಮತ್ತೆ ಆರು ಗಂಟೆಗೆ. ತೇಜಶ್ರೀಗೆ ಎಡಗೈ ಕಲಿಸಬೇಕು.